ಕಂಪವಾತದ ಜೊತೆ ಇನ್ನೊಂದು ನರರೋಗವೂ ಇದೆಯೇ? ಮನೆಯವರು ಗಮನಿಸಬೇಕಾದದ್ದು

"ಅಪ್ಪನಿಗೆ ಕಂಪವಾತ ಎಂದು ಹೇಳಿ ನಾಲ್ಕು ವರ್ಷವಾಯಿತು. ಈಗ ಕಾಲು ಜುಮ್ಮೆನ್ನುತ್ತದೆ, ರಾತ್ರಿ ಏನೇನೋ ಮಾತಾಡುತ್ತಾರೆ. ಇದೂ ಅದೇ ಕಾಯಿಲೆಯಾ?" ಸಿಂಧನೂರಿನಿಂದ, ಸಂಡೂರಿನಿಂದ, ಗಂಗಾವತಿಯಿಂದ ಊರು ಬದಲಾಗಿ ಬರುವ ಪ್ರಶ್ನೆ ಇದೊಂದೇ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಅರ್ಧ ಗಂಟೆ ಹೇಳುವ ಬದಲು ಒಮ್ಮೆ ಬರೆದಿಡುತ್ತಿದ್ದೇನೆ.

ಹೊಸ ತೊಂದರೆಗಳಲ್ಲಿ ಕೆಲವು ಅದೇ ಕಾಯಿಲೆಯವು, ಕೆಲವು ಅಲ್ಲ. ಅಲ್ಲದವುಗಳಲ್ಲಿ ಹಲವಕ್ಕೆ ಔಷಧಿ ಇದೆ. ಕೆಲವಂತೂ ಒಂದು ಮಾತ್ರೆ ಬಿಡಿಸಿದರೆ, ಒಂದು ಚುಚ್ಚುಮದ್ದು ಹಾಕಿದರೆ ಇಳಿಯುತ್ತವೆ. ಕಂಪವಾತ ಎಂಬ ಹೆಸರು ಒಮ್ಮೆ ಚೀಟಿಯ ಮೇಲೆ ಬಿದ್ದಿತೆಂದರೆ ಆಮೇಲೆ ಬಂದದ್ದೆಲ್ಲ ಅದರ ಖಾತೆಗೇ ಜಮೆಯಾಗುತ್ತದೆ. ನಮ್ಮ ಕಡೆ ಇದು ತೀರಾ ಹೆಚ್ಚು.

ನಾನು ಮನೆಗಳಿಗೆ ಹೋಗಿ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್. ರೋಗಕ್ಕೆ ಹೆಸರಿಡುವುದು ನನ್ನ ಕೆಲಸವಲ್ಲ, ನಿಮ್ಮದೂ ಅಲ್ಲ. ಆದರೆ ಓಪಿಡಿಯ ಐದು ನಿಮಿಷದಲ್ಲಿ ವೈದ್ಯರಿಗೆ ಕಾಣದ್ದು ನಿಮಗೆ ಇಡೀ ದಿನ ಕಾಣುತ್ತದೆ. ಅದನ್ನು ಸರಿಯಾಗಿ ನೋಡಿ ಅವರಿಗೆ ತಲುಪಿಸುವುದಷ್ಟೇ ಇಲ್ಲಿಯ ಕೆಲಸ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಒಂದು ನೋಟ್‌ಪುಸ್ತಕ, ವಿಡಿಯೋ ತೆಗೆಯಲು ಮೊಬೈಲ್, ತೋಳಿಗೆ ಸುತ್ತುವ ಬಿಪಿ ಯಂತ್ರ, ಮನೆಯಲ್ಲಿರುವ ಎಲ್ಲ ಮಾತ್ರೆಗಳು. ಎಲ್ಲ ಎಂದರೆ ಎಲ್ಲ. ದಿಂಬಿನ ಕೆಳಗಿರುವುದೂ ಸೇರಿ.

ಹಂತ 1: ನಡುಕ ಯಾವ ಹೊತ್ತಿನಲ್ಲಿ ಬರುತ್ತದೆ?

ಕಂಪವಾತ ಅಥವಾ ಪಾರ್ಕಿನ್ಸನ್ ಕಾಯಿಲೆಯ ಮುಖ್ಯ ಗುರುತು ನಡುಕಕ್ಕಿಂತ ನಿಧಾನಗತಿ. ನಡುಕವೇ ಇಲ್ಲದ ಕಂಪವಾತವೂ ಉಂಟು. ನಡುಕ ಇದ್ದಾಗ ಅದು ಹೆಚ್ಚಾಗಿ ಕೈ ಸುಮ್ಮನೆ ತೊಡೆಯ ಮೇಲಿದ್ದಾಗ, ಇಲ್ಲವೇ ನಡೆಯುವಾಗ ಕಾಣುತ್ತದೆ. ಕೈ ಚಾಚಿ ಲೋಟ ಹಿಡಿದ ಕೂಡಲೇ ತಗ್ಗುತ್ತದೆ. ಶುರುವಾಗುವುದು ಸಾಮಾನ್ಯವಾಗಿ ಒಂದೇ ಬದಿಯಲ್ಲಿ.

ಇದರ ತಿರುವುಮುರುವು ಇನ್ನೊಂದು ನಡುಕ: ಸುಮ್ಮನಿದ್ದಾಗ ಇಲ್ಲ, ಬಸಿಗೆ ಚಹಾ ಸುರಿಯುವಾಗ, ಸಹಿ ಹಾಕುವಾಗ ಎರಡೂ ಕೈ ನಡುಗುತ್ತವೆ. ಇದಕ್ಕೆ ಎಸೆನ್ಷಿಯಲ್ ಟ್ರೆಮರ್ ಎನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ತಂದೆಗೂ ದೊಡ್ಡಪ್ಪನಿಗೂ ಇದ್ದೇ ಇರುತ್ತದೆ. ಸ್ವಲ್ಪ ಕುಡಿದರೆ ನಡುಕ ನಿಲ್ಲುತ್ತದೆ ಎಂದು ಕಂಡುಕೊಂಡು ಅದನ್ನೇ ಔಷಧಿ ಮಾಡಿಕೊಂಡವರೂ ಇದ್ದಾರೆ. ಅದು ಬೇರೆ ರೋಗಗಳನ್ನು ಮನೆಗೆ ಕರೆಯುವ ದಾರಿ. ಇವೆರಡೂ ಒಬ್ಬರಲ್ಲೇ ಇರಬಹುದು, ಆಗಲೇ ಗೊಂದಲ.

ನಿಧಾನಗತಿಯನ್ನು ಹಿಡಿಯಲು ಅಡುಗೆಮನೆಗಿಂತ ಒಳ್ಳೆಯ ಜಾಗವಿಲ್ಲ. ಜೋಳದ ರೊಟ್ಟಿ ಬಡಿಯುವಾಗ ಒಂದು ಕೈ ಬಡಿಯುತ್ತಿದ್ದರೆ ಇನ್ನೊಂದು ಕೈ ಅಂಚಿನಲ್ಲಿ ರೊಟ್ಟಿಯನ್ನು ತಿರುಗಿಸುತ್ತಿರುತ್ತದೆ. ಒಂದು ಕೈ ಮಂದವಾದರೆ ಆ ಲಯ ತಪ್ಪುತ್ತದೆ, ರೊಟ್ಟಿ ಒಂದು ಬದಿಗೆ ದಪ್ಪ ಉಳಿಯುತ್ತದೆ. "ಇತ್ತೀಚೆಗೆ ಅವ್ವನ ರೊಟ್ಟಿ ಮೊದಲಿನ ಹಾಗಿಲ್ಲ" ಎಂದು ಸೊಸೆ ಹೇಳಿದ್ದನ್ನು ವೈದ್ಯರ ಮುಂದೆ ಹೇಳಲು ಸಂಕೋಚ ಬೇಡ. ಗಂಡಸರಲ್ಲಾದರೆ ಅಕ್ಷರ ನೋಡಿ: ಸಾಲು ಮುಂದೆ ಹೋದಂತೆ ಅಕ್ಷರ ಸಣ್ಣದಾಗುತ್ತದೆ.

ಮೂರೂ ಭಂಗಿಯಲ್ಲಿ, ಅಂದರೆ ಕೈ ತೊಡೆಯ ಮೇಲಿಟ್ಟು, ಮುಂದೆ ಚಾಚಿ, ಲೋಟ ಬಾಯಿಗೆ ತರುವಾಗ, ಅರ್ಧರ್ಧ ನಿಮಿಷದ ವಿಡಿಯೋ ಮಾಡಿಟ್ಟುಕೊಳ್ಳಿ.

ಹಂತ 2: ಮಾತ್ರೆಗಳ ಚೀಲವನ್ನು ಹಾಸಿಗೆಯ ಮೇಲೆ ಸುರಿಯಿರಿ

ನನ್ನನ್ನು ಕೇಳಿದರೆ ಇದೇ ಅತಿ ಮುಖ್ಯವಾದ ಹಂತ. ಸಕ್ಕರೆಯ ಮಾತ್ರೆ, ಬಿಪಿ ಮಾತ್ರೆ, ಮಂಡಿನೋವಿನದು, ಮೆಡಿಕಲ್ ಅಂಗಡಿಯವನು ಕೊಟ್ಟ "ಗ್ಯಾಸಿನ ಗುಳಿಗೆ" ಎಲ್ಲವನ್ನೂ ಸುರಿದು, ಮಾತ್ರೆಯ ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿರುವ ಮೂಲ ಔಷಧಿಯ ಹೆಸರನ್ನು ಓದಿ. ಈ ಹೆಸರುಗಳಿದ್ದರೆ ಕೆಂಪು ಪೆನ್ನಿನಲ್ಲಿ ಬರೆದುಕೊಳ್ಳಿ:

- ಲೆವೊಸಲ್ಪಿರೈಡ್, ಮೆಟೊಕ್ಲೋಪ್ರಮೈಡ್, ಪ್ರೊಕ್ಲೋರ್‌ಪೆರಜಿನ್. ಹೊಟ್ಟೆಯುಬ್ಬರ, ವಾಂತಿ, ತಲೆಸುತ್ತಿಗೆ ಕೊಡುವಂಥವು. ಮೊದಲನೆಯದು ಗ್ಯಾಸಿನ ಕ್ಯಾಪ್ಸೂಲಿನೊಳಗೆ ಇನ್ನೊಂದು ಔಷಧಿಯ ಜೊತೆ ಸೇರಿಕೊಂಡಿರುತ್ತದೆ.
- ಸಿನ್ನರಿಜಿನ್, ಫ್ಲುನರಿಜಿನ್. ತಲೆಸುತ್ತಿಗೆ, ಅರೆತಲೆನೋವಿಗೆ.
- ಹ್ಯಾಲೋಪೆರಿಡಾಲ್, ರಿಸ್ಪೆರಿಡೋನ್, ಓಲಾಂಜಪಿನ್. ಮನೋರೋಗಕ್ಕೆ.
- ವಾಲ್ಪ್ರೊಯೇಟ್ ಫಿಟ್ಸ್‌ಗೆ, ಸಾಲ್ಬುಟಮಾಲ್ ದಮ್ಮಿಗೆ. ಇವು ಹೆಚ್ಚಾಗಿ ಕೈನಡುಕ ತರುತ್ತವೆ.

ಮೊದಲ ಮೂರು ಸಾಲಿನವು ಕಂಪವಾತದಂತೆಯೇ ಕಾಣುವ ನಿಧಾನಗತಿಯನ್ನು, ಬಿಗಿತವನ್ನು ತರಬಲ್ಲವು. ಇರುವ ಕಂಪವಾತವನ್ನು ಹೆಚ್ಚೂ ಮಾಡುತ್ತವೆ. ಗ್ಯಾಸಿಗೆಂದು ವರ್ಷಗಟ್ಟಲೆ ಒಂದು ಕ್ಯಾಪ್ಸೂಲ್ ನುಂಗುತ್ತಾ, ಅದರಿಂದ ಬಂದ ನಡುಕಕ್ಕೆ ಇನ್ನೊಂದು ಮಾತ್ರೆ ನುಂಗುತ್ತಿದ್ದವರನ್ನು ನಾನು ನೋಡಿದ್ದೇನೆ. ಕಾರಣವಾದ ಔಷಧಿ ಬಿಟ್ಟ ಮೇಲೂ ಸುಧಾರಿಸಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ನಾಲ್ಕು ದಿನಕ್ಕೆ ಕೈಬಿಡಬೇಡಿ.

ಇಲ್ಲಿ ಜನ ಎಡವುವುದು ಎರಡು ಕಡೆ. ಒಂದು, ಹೆಸರು ಕಂಡ ಕೂಡಲೇ ತಾವೇ ನಿಲ್ಲಿಸಿಬಿಡುವುದು. ಫಿಟ್ಸ್ ಮಾತ್ರೆ, ಮನೋರೋಗದ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಕಂಪವಾತದ ಲೆವೊಡೋಪಾವನ್ನಂತೂ (ಹಲವರಿಗೆ ಸಿಂಡೋಪಾ ಎಂದರೆ ತಿಳಿಯುತ್ತದೆ) ಒಮ್ಮೆಲೇ ಬಿಟ್ಟರೆ ಜ್ವರ, ವಿಪರೀತ ಬಿಗಿತ ಬಂದು ಜೀವಕ್ಕೇ ಅಪಾಯವಾಗಬಹುದು. ಎರಡು, ನಾಟಿ ಔಷಧಿಯನ್ನು ಬಚ್ಚಿಡುವುದು. ನಸುಗುನ್ನಿ ಬೀಜದಲ್ಲಿ ಲೆವೊಡೋಪಾ ನಿಜಕ್ಕೂ ಇದೆ. ಆ ಪುಡಿಯನ್ನೂ ಮಾತ್ರೆಯನ್ನೂ ಒಟ್ಟಿಗೆ ತೆಗೆದುಕೊಂಡರೆ ಪ್ರಮಾಣ ಮೀರಿ, ಮೈ ತಾನಾಗಿ ಕುಣಿಯತೊಡಗಬಹುದು, ಇಲ್ಲದ್ದು ಕಾಣಬಹುದು. ಕೊಡುತ್ತಿದ್ದರೆ ವೈದ್ಯರಿಗೆ ಹೇಳಿ. ಬೈದರೆ ಬೈಸಿಕೊಳ್ಳಿ.

ಹಂತ 3: ಚಪ್ಪಲಿ ಜಾರಿದ್ದು ಅವರಿಗೆ ಗೊತ್ತಾಗುತ್ತದೆಯೇ?

ಬರೀ ಕಂಪವಾತದಲ್ಲಿ ಪಾದದ ಸ್ಪರ್ಶಜ್ಞಾನ ಸಾಮಾನ್ಯವಾಗಿ ಹೋಗುವುದಿಲ್ಲ. ನಡೆಯುವಾಗ ಚಪ್ಪಲಿ ಕಾಲಿನಿಂದ ಕಳಚಿ ಹಿಂದೆ ಉಳಿದದ್ದೇ ತಿಳಿಯದೆ ನಾಲ್ಕು ಹೆಜ್ಜೆ ಮುಂದೆ ಹೋಗುತ್ತಿದ್ದರೆ, ಬಚ್ಚಲಲ್ಲಿ ಕಣ್ಣುಮುಚ್ಚಿ ಮುಖ ತೊಳೆಯುವಾಗ ಮುಂದಕ್ಕೆ ವಾಲಿದರೆ, ಕತ್ತಲಲ್ಲಿ ಮಾತ್ರ ಹೆಚ್ಚು ತಡವರಿಸಿದರೆ ಅದು ಪಾದದ ನರಗಳ ದೂರು. ಇದಕ್ಕೆ ನ್ಯೂರೋಪತಿ ಎಂದು ಹೆಸರು: ಕೈಕಾಲುಗಳ ತುದಿಯ ನರಗಳು ಸವೆಯುವುದು.

ಮನೆಯಲ್ಲಿ ಹತ್ತಿಯ ಎಳೆಯೊಂದರಿಂದ ನೋಡಬಹುದು. ಕಣ್ಣು ಮುಚ್ಚಿಸಿ ಹೆಬ್ಬೆರಳಿಗೆ, ಹಿಮ್ಮಡಿಗೆ, ಮೊಣಕಾಲಿಗೆ ಮುಟ್ಟಿಸಿ "ಗೊತ್ತಾಯಿತೇ?" ಎಂದು ಕೇಳಿ. ಸೂಜಿ ಬೇಡ, ಬಿಸಿನೀರಂತೂ ಬೇಡವೇ ಬೇಡ. ಸ್ಪರ್ಶವಿಲ್ಲದ ಪಾದ ಸುಟ್ಟರೂ ಹೇಳುವುದಿಲ್ಲ. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಕಾದ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ನಡೆದು ಬೊಬ್ಬೆ ಬಂದದ್ದು ಸಂಜೆ ಗೊತ್ತಾದರೆ, ಅದೇ ಪರೀಕ್ಷೆಯ ಫಲಿತಾಂಶ.

ಕಾರಣಗಳಲ್ಲಿ ಸಕ್ಕರೆ ಕಾಯಿಲೆ ಮೊದಲನೆಯದು. ಅದರ ಹಿಂದೆಯೇ ವಿಟಮಿನ್ ಬಿ12 ಕೊರತೆ: ಶುದ್ಧ ಸಸ್ಯಾಹಾರಿಗಳಲ್ಲಿ, ಸಕ್ಕರೆಗೆ ಮೆಟ್‌ಫಾರ್ಮಿನ್ ಬಹುಕಾಲ ತೆಗೆದುಕೊಂಡವರಲ್ಲಿ ಹೆಚ್ಚು. ಲೆವೊಡೋಪಾವನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲೂ ಬಿ12 ಕುಸಿಯುವುದುಂಟು. ಇದೊಂದು ರಕ್ತಪರೀಕ್ಷೆಯನ್ನು ನೀವೇ ಕೇಳಿ ಮಾಡಿಸಿದರೂ ತಪ್ಪಿಲ್ಲ. ಮದ್ಯಪಾನ ಮತ್ತೊಂದು ಕಾರಣ. ಮೈಮೇಲೆ ಸ್ಪರ್ಶವಿಲ್ಲದ ತಿಳಿಬಣ್ಣದ ಮಚ್ಚೆಯಿದ್ದರೆ ಕುಷ್ಠರೋಗದ ತಪಾಸಣೆ ಆಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಚಿಕಿತ್ಸೆ ಉಚಿತ, ಪೂರ್ತಿ ಗುಣವಾಗುತ್ತದೆ.

ತುಂಗಭದ್ರಾ ಅಚ್ಚುಕಟ್ಟಿನ ಭತ್ತದವರಿಗೂ ರಾಯಚೂರಿನ ಹತ್ತಿಯವರಿಗೂ ಒಂದು ಮಾತು ಹೆಚ್ಚಿಗೆ. ಕೆಲವು ಆರ್ಗನೋಫಾಸ್ಫೇಟ್ ಕೀಟನಾಶಕಗಳು ಹೆಚ್ಚು ಪ್ರಮಾಣದಲ್ಲಿ ದೇಹ ಸೇರಿದರೆ, ಆ ಹೊತ್ತಿನ ವಿಷಬಾಧೆ ಇಳಿದು ಒಂದರಿಂದ ಮೂರು ವಾರದ ಮೇಲೆ ಕಾಲಿನ ನರ ಸೋಲುವುದುಂಟು. ಅಷ್ಟರಲ್ಲಿ ಮನೆಯವರು ಔಷಧಿ ಹೊಡೆದ ದಿನವನ್ನೇ ಮರೆತಿರುತ್ತಾರೆ. ಡಬ್ಬಿಯ ಫೋಟೋ ಇದ್ದರೆ ತೆಗೆದುಕೊಂಡು ಹೋಗಿ.

ಹಂತ 4: ಬೆನ್ನು ಬಗ್ಗದಿರುವುದು ನೀರಿನಿಂದಲೋ?

ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಗಳಲ್ಲಿ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದ ಊರುಗಳಿವೆ. ಬೇರೆ ನೀರಿಲ್ಲದಾಗ ಸಹಿಸಬಹುದಾದ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅದಕ್ಕಿಂತ ಬಹಳ ಹೆಚ್ಚಿರುವ ನೀರನ್ನು ದಶಕಗಟ್ಟಲೆ ಕುಡಿದರೆ ಮೂಳೆ ದಪ್ಪವಾಗಿ, ಬೆನ್ನುಮೂಳೆಗಳನ್ನು ಹಿಡಿದಿಡುವ ಪಟ್ಟಿಗಳು ಸುಣ್ಣಗಟ್ಟಿ, ಮೈಯೆಲ್ಲ ಒಂದೇ ಕೊರಡಿನಂತಾಗುತ್ತದೆ. ಅಂಥವರು ಬಾಗಿ, ಬಿಗಿಯಾಗಿ, ಸಣ್ಣ ಹೆಜ್ಜೆ ಇಟ್ಟು ನಡೆದರೆ ದೂರದಿಂದ ಥೇಟ್ ಕಂಪವಾತ.

ಆರೋಗ್ಯ ಕಾರ್ಯಕರ್ತರು ಬಳಸುವ ಮೂರು ಸರಳ ಪರೀಕ್ಷೆಗಳಿವೆ. ಗದ್ದ ಎದೆಗೆ ತಾಗುತ್ತದೆಯೇ? ಮಂಡಿ ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟಲಾಗುತ್ತದೆಯೇ? ಎರಡೂ ಕೈ ತಲೆಯ ಹಿಂದೆ ಹೋಗುತ್ತವೆಯೇ? ಮೂರೂ ಆಗದಿದ್ದರೆ, ಜೊತೆಗೆ ಹಲ್ಲಿನ ಮೇಲೆ ಚಿಕ್ಕಂದಿನಿಂದಲೂ ಕಂದು ಪಟ್ಟೆಗಳಿದ್ದರೆ, "ಎಷ್ಟು ವರ್ಷ ಯಾವ ಊರಿನ ಬೋರ್‌ವೆಲ್ ನೀರು ಕುಡಿದರು" ಎಂದು ಪುಸ್ತಕದಲ್ಲಿ ಬರೆಯಿರಿ. ವಯಸ್ಸಾದವರಿಗೆ ಬೇರೆ ಕಾರಣದಿಂದಲೂ ಇವು ಆಗದಿರಬಹುದು, ಆದ್ದರಿಂದ ಇದು ಸುಳಿವು ಮಾತ್ರ. ನೀವು ಕುತ್ತಿಗೆ ಹಿಡಿದು ಬಗ್ಗಿಸಲು ಹೋಗಬೇಡಿ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ.

ಫ್ಲೋರೈಡಿನಿಂದಾಗಲಿ, ಕುತ್ತಿಗೆಯ ಸವೆತದಿಂದಾಗಲಿ ಒಳಗಿನ ಬೆನ್ನುಹುರಿ ಒತ್ತಿಕೊಂಡರೆ ಬರುವುದು ಮೈಲೋಪತಿ. ಇದರ ಗುರುತುಗಳು: ಎರಡೂ ಕಾಲು ಬಿಗಿದು ಸೋಲುವುದು, ಅಂಗಿಯ ಗುಂಡಿ ಹಾಕಲು ಬೆರಳು ತೊಡರುವುದು, ಮೂತ್ರ ತಡೆಯಲಾಗದಿರುವುದು, ಕುತ್ತಿಗೆ ಬಗ್ಗಿಸಿದಾಗ ಬೆನ್ನಿನುದ್ದಕ್ಕೆ ಕರೆಂಟು ಹೊಡೆದಂತಾಗುವುದು. ಕಂಪವಾತದ ಮಾತ್ರೆ ಹೆಚ್ಚಿಸಿದರೆ ಇದು ಇಳಿಯುವುದಿಲ್ಲ. ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ, ಅದೂ ಕಾಲು ಪೂರ್ತಿ ಸೋಲುವ ಮೊದಲು. ಇಂಥ ಕುತ್ತಿಗೆಯನ್ನು ಕ್ಷೌರದಂಗಡಿಯಲ್ಲಿ ಲಟಕ್ಕೆನಿಸಿಕೊಳ್ಳುವುದನ್ನು ಇಂದೇ ನಿಲ್ಲಿಸಿ. ನನ್ನ ತಾಳ್ಮೆ ಕೆಡುವುದು ಈ ಒಂದು ವಿಷಯದಲ್ಲಿ.

ಹಂತ 5: ಗೊಂದಲ ದಿನದಲ್ಲಿ ಬಂತೋ, ವರ್ಷದಲ್ಲಿ ಬಂತೋ?

ಕಂಪವಾತ ಹಳೆಯದಾದಂತೆ ನೆನಪು, ಯೋಚನೆ ಮಂದವಾಗುವುದುಂಟು. ಅದು ನಿಧಾನವಾಗಿ ಬರುತ್ತದೆ. ನಿನ್ನೆಯವರೆಗೆ ಮೊಮ್ಮಕ್ಕಳ ಹೆಸರು ಹೇಳುತ್ತಿದ್ದವರು ಇವತ್ತು ಮನೆಯನ್ನೇ ಗುರುತಿಸದಿದ್ದರೆ ಅದಕ್ಕೆ ಡೆಲಿರಿಯಂ ಎನ್ನುತ್ತಾರೆ: ದೇಹದಲ್ಲಿ ಬೇರೇನೋ ಕೆಟ್ಟು ಮಿದುಳು ತತ್ತರಿಸಿರುವುದು. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಕೆ, ನೀರಿನಂಶ ಕಡಿಮೆಯಾಗುವುದು, ದಿನಗಟ್ಟಲೆಯ ಮಲಬದ್ಧತೆ, ಹೊಸ ಮಾತ್ರೆ, ಇವು ಸಾಮಾನ್ಯ ಕಾರಣಗಳು. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಕೂಡ ವಯಸ್ಸಾದವರ ತಲೆ ಕೆಡಿಸಬಲ್ಲದು.

ಮೂಲೆಯಲ್ಲಿ ಮಕ್ಕಳು ಕೂತಿದ್ದಾರೆ, ಹಾಸಿಗೆಯ ಮೇಲೆ ಬೆಕ್ಕು ಇದೆ ಎನ್ನುತ್ತಾರೆಯೇ? ಗಾಳಿ ಸೋಕಿತು ಎಂದು ತಾಯಿತ ಕಟ್ಟಿಸುವ ಮೊದಲು ದಿನಾಂಕ ಬರೆಯಿರಿ. ಕಾಯಿಲೆಯ ಮೊದಲ ವರ್ಷದಲ್ಲೇ ಇಂಥ ನೋಟಗಳು, ಒಂದು ದಿನ ಚುರುಕು ಒಂದು ದಿನ ಮಂಕು ಎನ್ನುವ ಏರಿಳಿತ, ಮರೆವು ಸೇರಿಕೊಂಡರೆ ಲೂಯಿ ಬಾಡಿ ಡಿಮೆನ್ಷಿಯಾ ಎಂಬ ಬೇರೆ ಹೆಸರನ್ನು ವೈದ್ಯರು ಯೋಚಿಸುತ್ತಾರೆ. ಹೆಸರು ಬದಲಾದರೆ ಔಷಧಿಯೂ ಬದಲಾಗುತ್ತದೆ. ಇಂಥವರಿಗೆ ಹ್ಯಾಲೋಪೆರಿಡಾಲ್ ಚುಚ್ಚಿದರೆ ಮೈ ಕಲ್ಲಾಗಬಹುದು. ರಾತ್ರಿ ಹೊತ್ತು ತುರ್ತು ವಿಭಾಗಕ್ಕೆ ಹೋದರೆ "ಇವರಿಗೆ ಕಂಪವಾತ ಇದೆ" ಎಂಬುದು ನಿಮ್ಮ ಮೊದಲ ವಾಕ್ಯವಾಗಲಿ.

ನಿದ್ದೆಯಲ್ಲಿ ಕೂಗುವುದು, ಪಕ್ಕದವರಿಗೆ ಒದೆಯುವುದು ಕಂಪವಾತದ್ದೇ ಬಳಗ. ಎಷ್ಟೋ ಜನರಲ್ಲಿ ನಡುಕಕ್ಕಿಂತ ವರ್ಷಗಳ ಮುಂಚೆ ಶುರುವಾಗಿರುತ್ತದೆ. ಮಲಗಿದಾಗ ಕಾಲು ಹಿಂಡಿದಂತಾಗಿ ಎದ್ದು ಓಡಾಡಿದರೆ ಮಾತ್ರ ಸಮಾಧಾನ ಎನ್ನುವವರಿಗೆ ರಕ್ತದ ಕಬ್ಬಿಣಾಂಶ ನೋಡಿಸಿ.

ಇನ್ನೊಂದು ಕೂಟವಿದೆ: ಪಾದ ನೆಲಕ್ಕೆ ಅಂಟಿದಂಥ ನಡಿಗೆ, ಮೂತ್ರ ಹಿಡಿತ ತಪ್ಪುವುದು, ಮರೆವು. ಈ ಮೂರೂ ಸೇರಿದರೆ ಮಿದುಳಿನಲ್ಲಿ ನೀರು ತುಂಬಿದ ಸ್ಥಿತಿ ಇರಬಹುದು. ಸ್ಕ್ಯಾನ್‌ನಲ್ಲಿ ಅದರ ಸುಳಿವು ಸಿಗುತ್ತದೆ. ಆಯ್ದ ಕೆಲವರಿಗೆ ನಳಿಕೆ ಇಟ್ಟು ನೀರು ಇಳಿಸಿದರೆ ನಡಿಗೆ ಸುಧಾರಿಸುತ್ತದೆ.

ಹಂತ 6: ಬಿದ್ದದ್ದು ಹೇಗೆ?

"ಬಿದ್ದರು" ಎಂದು ಬರೆದರೆ ಸಾಲದು. ಎದ್ದ ಕೂಡಲೇ ಕಣ್ಣಿಗೆ ಕತ್ತಲೆ ಬಂದು ಕುಸಿದರೇ? ತಿರುಗುವಾಗ ಕಾಲು ಅಂಟಿಕೊಂಡು ಬಿದ್ದರೇ? ಕೈಕಾಲು ಸೆಟೆದು, ನಾಲಿಗೆಯ ಬದಿ ಕಚ್ಚಿಕೊಂಡು, ಆಮೇಲೆ ಬಹಳ ಹೊತ್ತು ಮಂಪರಿನಲ್ಲಿದ್ದರೇ? ಮೊದಲನೆಯದು ಬಿಪಿ, ಎರಡನೆಯದು ಕಂಪವಾತ, ಮೂರನೆಯದು ಫಿಟ್ಸ್ ಕಡೆಗೆ ಕೈ ತೋರಿಸುತ್ತವೆ. ಮಾತ್ರೆಯ ಪ್ರಭಾವ ಏರಿದಾಗ ಮೈ ಹೊಯ್ದಾಡುವ ಡಿಸ್ಕಿನೇಸಿಯಾವನ್ನು ಫಿಟ್ಸ್ ಎಂದು ಹೆದರುವವರಿದ್ದಾರೆ. ಅದರಲ್ಲಿ ಎಚ್ಚರ ಇರುತ್ತದೆ, ಕರೆದರೆ ಉತ್ತರಿಸುತ್ತಾರೆ.

ಬಿಪಿ ನೋಡುವ ಕ್ರಮ: ಐದು ನಿಮಿಷ ಮಲಗಿಸಿ ಒಮ್ಮೆ ಅಳೆಯಿರಿ. ನಿಲ್ಲಿಸಿ ಒಂದನೇ ನಿಮಿಷಕ್ಕೆ, ಮೂರನೇ ನಿಮಿಷಕ್ಕೆ ಮತ್ತೆ ಅಳೆಯಿರಿ. ಪಕ್ಕದಲ್ಲಿ ಒಬ್ಬರು ಹಿಡಿದುಕೊಂಡಿರಲಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಬರೆದುಕೊಳ್ಳಿ. ಹಳೆಯ ಬಿಪಿ ಮಾತ್ರೆಯ ಪ್ರಮಾಣ ಈಗ ಹೆಚ್ಚಾಗಿರಬಹುದು, ನಮ್ಮ ಬೇಸಿಗೆಯ ಬೆವರೂ ಸೇರಿರಬಹುದು. ಕೂತಲ್ಲಿ ಮಾತ್ರ ಅಳೆದ ಬಿಪಿ ಇದನ್ನು ತೋರಿಸುವುದಿಲ್ಲ.

ಹಂತ 7: ವಯಸ್ಸು ಚಿಕ್ಕದಿದ್ದರೆ, ಕಸುಬು ಬೇರೆಯಿದ್ದರೆ

ನಲವತ್ತರೊಳಗೆ ನಡುಕ, ಕೈಕಾಲು ತಿರುಚುವುದು, ಮಾತು ತೊದಲುವುದು ಬಂದರೆ ವಿಲ್ಸನ್ ಕಾಯಿಲೆ ಅಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. ದೇಹದಿಂದ ತಾಮ್ರ ಹೊರಹೋಗದೆ ಯಕೃತ್ತಿನಲ್ಲಿ, ಮಿದುಳಿನಲ್ಲಿ ಕೂಡುವ ವಂಶವಾಹಿ ಕಾಯಿಲೆ ಇದು. ಹಿಂದೆಂದೋ ಬಂದುಹೋದ ಕಾಮಾಲೆಯೂ ಇದರದ್ದೇ ಆಗಿರಬಹುದು. ರಕ್ತದ ಸೆರುಲೋಪ್ಲಾಸ್ಮಿನ್, 24 ಗಂಟೆಯ ಮೂತ್ರದ ತಾಮ್ರ, ಕಣ್ಣಿನ ತಪಾಸಣೆ ಇದಕ್ಕೆ ಬೇಕು. ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವ ಮದುವೆಗಳಿರುವ ನಮ್ಮ ಮನೆತನಗಳಲ್ಲಿ ಇಂಥ ಕಾಯಿಲೆಗಳ ಸಂಭವ ಹೆಚ್ಚು. ಸಂಬಂಧದೊಳಗೆ ಮದುವೆಯಾಗಿದ್ದರೆ ಹೇಳಿ. ಒಬ್ಬರಲ್ಲಿ ಖಚಿತವಾದರೆ ಒಡಹುಟ್ಟಿದ ಪ್ರತಿಯೊಬ್ಬರಿಗೂ ಇರುವ ಸಂಭವ ನಾಲ್ಕರಲ್ಲಿ ಒಂದು, ಹಾಗಾಗಿ ಅವರನ್ನೂ ಪರೀಕ್ಷಿಸಬೇಕು. ಬೇಗ ಹಿಡಿದರೆ ಔಷಧಿಯಿಂದ ನಿಲ್ಲುತ್ತದೆ.

ಸಂಡೂರಿನ ಮ್ಯಾಂಗನೀಸ್ ಗಣಿಯಲ್ಲಿ ದುಡಿದವರು, ವರ್ಷಗಟ್ಟಲೆ ಮುಚ್ಚಿದ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡಿದವರು ಆ ಕಸುಬನ್ನು ಹೇಳದೆ ಬರಬೇಡಿ. ಮ್ಯಾಂಗನೀಸ್ ಧೂಳು, ಹೊಗೆ ಅತಿಯಾದರೆ ಎರಡೂ ಬದಿಗೆ ಒಟ್ಟಿಗೆ ಬರುವ, ಲೆವೊಡೋಪಾಗೆ ಹೆಚ್ಚು ಬಗ್ಗದ, ಕಂಪವಾತದಂಥ ಸ್ಥಿತಿ ಬರಬಹುದು.

ಕಾಯಬಾರದ ಸಂದರ್ಭಗಳು

ಪುಸ್ತಕ ಬದಿಗಿಟ್ಟು 108ಕ್ಕೆ ಕರೆ ಮಾಡಿ:

- ಬಾಯಿ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತಪ್ಪುವುದು ಒಮ್ಮೆಲೇ ಆದರೆ ಅದು ಲಕ್ವಾ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾಟಿ ಔಷಧಿಗೆಂದು ಇನ್ನೊಂದು ಊರಿಗೆ ಗಾಡಿ ಕಟ್ಟಿದರೆ ಆ ಗಂಟೆಗಳು ದಾರಿಯಲ್ಲೇ ಮುಗಿಯುತ್ತವೆ.
- ಬಿದ್ದು ತಲೆಗೆ ಪೆಟ್ಟಾಗಿ, ಕೆಲವು ದಿನ ಅಥವಾ ವಾರಗಳ ಮೇಲೆ ಮಂಕು, ತಲೆನೋವು, ಒಂದು ಬದಿಯ ಸೋಲು ಬಂದರೆ ತಲೆಬುರುಡೆಯೊಳಗೆ ರಕ್ತ ನಿಂತಿರಬಹುದು. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೂ ಎಚ್ಚರ.
- ಎರಡೂ ಕಾಲು ಬೇಗಬೇಗ ಸೋತು ಮೂತ್ರ ಕಟ್ಟಿದರೆ.
- ಮಾತ್ರೆ ತಪ್ಪಿದ ಮೇಲೆ ಜ್ವರ, ಬಿಗಿತ, ಅರೆಪ್ರಜ್ಞೆ ಬಂದರೆ.

ಹಂತ 8: ವೈದ್ಯರ ಮುಂದೆ

ರಾಯಚೂರಿನವರಿಗೆ ರಿಮ್ಸ್, ಕೊಪ್ಪಳದವರಿಗೆ ಅಲ್ಲಿಯ ವೈದ್ಯಕೀಯ ವಿಜ್ಞಾನ ಸಂಸ್ಥೆ, ಬಳ್ಳಾರಿಯವರಿಗೆ ಜನ ಈಗಲೂ ವಿಮ್ಸ್ ಎನ್ನುವ ವೈದ್ಯಕೀಯ ಕಾಲೇಜು ಆಸ್ಪತ್ರೆ. ನರರೋಗ ತಜ್ಞರು ಯಾವ ದಿನ ಸಿಗುತ್ತಾರೆಂದು ಮೊದಲೇ ವಿಚಾರಿಸಿ. ನಿಮ್ಹಾನ್ಸ್‌ಗೆ ಕಳಿಸುವುದಾದರೆ ಇಲ್ಲಿಯ ವೈದ್ಯರ ಪತ್ರವನ್ನು ಬರೆಸಿಕೊಂಡೇ ಹೊರಡಿ.

ಪುಸ್ತಕದಿಂದ ಒಂದು ಹಾಳೆಗೆ ಇಳಿಸಿ: ಯಾವ ತೊಂದರೆ, ಯಾವ ತಿಂಗಳಿನಿಂದ, ಯಾವ ಬದಿಗೆ, ಮಾತ್ರೆ ತೆಗೆದುಕೊಂಡ ಮೇಲೆ ಕಡಿಮೆಯಾಗುತ್ತದೆಯೋ ಇಲ್ಲವೋ. ಕೊನೆಯ ಅಂಕಣ ತುಂಬಾ ಕೆಲಸಕ್ಕೆ ಬರುತ್ತದೆ. ಲೆವೊಡೋಪಾ ನುಂಗಿ ಒಂದು ಗಂಟೆಯೊಳಗೆ ನಡಿಗೆ ಹಗುರಾದರೂ ಪಾದದ ಜೋಮು ಹಾಗೇ ಉಳಿದರೆ, ಎರಡಕ್ಕೂ ಬೇರು ಬೇರೆ ಇರಬಹುದು ಎಂದು ವೈದ್ಯರಿಗೆ ತಕ್ಷಣ ಹೊಳೆಯುತ್ತದೆ. ರಕ್ತದಲ್ಲಿ ಸಕ್ಕರೆ, ಬಿ12, ಥೈರಾಯ್ಡ್, ಸೋಡಿಯಂ ನೋಡಿ ಎಷ್ಟು ದಿನವಾಯಿತು ಎಂದು ಕೇಳಿ.

"ಎಂಆರ್‌ಐ ನಾರ್ಮಲ್ ಬಂತು, ಹಾಗಾದರೆ ಕಂಪವಾತ ಇಲ್ಲ" ಎಂದುಕೊಳ್ಳಬೇಡಿ. ಸಾಮಾನ್ಯ ಎಂಆರ್‌ಐನಲ್ಲಿ ಕಂಪವಾತ ಕಾಣುವುದಿಲ್ಲ. ಅದನ್ನು ಮಾಡಿಸುವುದೇ ಜೊತೆಗೆ ಬೇರೇನಾದರೂ ಇದೆಯೇ ಎಂದು ನೋಡಲು. ಇನ್ನೊಂದು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಪಾರ್ಕಿನ್ಸನ್ ಕಾಯಿಲೆಯೂ ಇದೆ. ಓಡಾಟ ಕಷ್ಟವಾಗಿರುವವರು ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಬಹುದು.

ಆಸ್ಪತ್ರೆಗೆ ಹೋಗುವ ದಿನ ರಕ್ತಪರೀಕ್ಷೆಗೆ ಖಾಲಿ ಹೊಟ್ಟೆ ಎಂದರೆ ಕಂಪವಾತದ ಮಾತ್ರೆಯನ್ನೂ ಬಿಡುವವರಿದ್ದಾರೆ. ಬೇರೆ ಸೂಚನೆ ಇಲ್ಲದಿದ್ದರೆ ಅದನ್ನು ಎಂದಿನ ಹೊತ್ತಿಗೇ ನೀರಿನಲ್ಲಿ ಕೊಟ್ಟು, ಎಷ್ಟು ಗಂಟೆಗೆ ಕೊಟ್ಟಿರಿ ಎಂದು ಹಾಳೆಯ ಮೇಲೆ ಬರೆಯಿರಿ. ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಹೋಗುವುದಾದರೆ ಮಾತ್ರೆಯ ಸ್ಟ್ರಿಪ್ ಸೀಟಿನ ಕೆಳಗಿನ ಬ್ಯಾಗಿನಲ್ಲಿ ಬೇಡ, ಜೊತೆಗಿರುವವರ ಅಂಗಿಯ ಜೇಬಿನಲ್ಲಿರಲಿ.